ಘಟ್ಟ ಹತ್ತಿದ ದಂಡಿನ ಅಕ್ಕಿ ಲೆಕ್ಕ

ಇಂಗ್ಲಿಷ್ ಜನರಲ್ ರಿಚರ್ಡ್ ಮ್ಯಾಥ್ಯೂಸ್ 1783ರ ಜನವರಿಯಲ್ಲಿ ಬಿದನೂರನ್ನು (ಇಂದಿನ ಹೊಸನಗರ ತಾಲ್ಲೂಕಿನ ನಗರ) ಗೆದ್ದ. ಏಪ್ರಿಲ್ ಕೊನೆಯ ಹೊತ್ತಿಗೆ ಟಿಪ್ಪುವಿಗೆ ಶರಣಾದ. ಟಿಪ್ಪುವಿನ ದಂಡು ದೊಡ್ಡದಿತ್ತು, ಸೋತ ಎಂದು ಮಾತು ಮುಗಿಸುವವರುಂಟು. ಶರಣಾದ ದಿನದಿಂದ ಹಿಂದಕ್ಕೆ ಓದುತ್ತ ಬಂದರೆ ದಂಡಿಗಿಂತ ಮೊದಲು ಕಣ್ಣಿಗೆ ಬೀಳುವುದು ಘಟ್ಟದ ದಾರಿ.

ಹೈದರ್ 1782ರ ಡಿಸೆಂಬರ್ 7ರಂದು ತೀರಿಕೊಂಡಿದ್ದ. ಸುದ್ದಿ ನಿಜವಾದರೆ ಕರಾವಳಿಯ ಕೆಲಸ ಬಿಟ್ಟು ಬಿದನೂರಿಗೇ ನುಗ್ಗು ಎಂಬುದು ಮುಂಬಯಿ ಸರ್ಕಾರದ ಆಜ್ಞೆ. ಹೊನ್ನಾವರ ಹಿಡಿದಿದ್ದ ಮ್ಯಾಥ್ಯೂಸ್ ಮನಸ್ಸಿಲ್ಲದಿದ್ದರೂ ಕುಂದಾಪುರಕ್ಕೆ ಹೋಗಿ ಹೊಸಂಗಡಿ ಘಟ್ಟ ಹತ್ತಿದ. ಬಿದನೂರಿನ ಅಧಿಕಾರಿ ಅಯಾಜ್ ಮುತ್ತಿಗೆಯೇ ಇಲ್ಲದೆ ಊರು ಒಪ್ಪಿಸಿದ. ಕೆಡುಕು ಶುರುವಾದದ್ದು ಈ ಸಲೀಸಿನಿಂದಲೇ ಎನ್ನಬೇಕು. ಇದ್ದ ಸಣ್ಣ ಪಡೆಯನ್ನು ಅನಂತಪುರ, ಮಂಗಳೂರು, ಕರಾವಳಿಯ ಕೋಟೆಗಳು ಎಂದು ಹಂಚಿದ್ದಾಯಿತು.

ಲೆಕ್ಕ ಹಾಕಿ ನೋಡಿ. ಒಬ್ಬ ಸಿಪಾಯಿಗೆ ದಿನಕ್ಕೆ 600 ಗ್ರಾಂ ಅಕ್ಕಿ ಎಂದರೂ 2,000 ಜನಕ್ಕೆ 1,200 ಕಿಲೋ. ಹೇರೆತ್ತು ಹೊರುವುದು ಸುಮಾರು 100 ಕಿಲೋ. ದಿನಕ್ಕೆ 12 ಎತ್ತು ಮೇಲೆ ಮುಟ್ಟಬೇಕು. ಕುಂದಾಪುರದಿಂದ ನಗರಕ್ಕೆ ಸುಮಾರು 60 ಕಿ.ಮೀ. ಹೇರು ಹೊತ್ತು ದಿನಕ್ಕೆ 15 ಕಿ.ಮೀ. ನಡೆದರೆ ಹೋಗಿಬರಲು ಎಂಟು ದಿನ. ಅಂದರೆ ಬರೀ ಅಕ್ಕಿಗೇ ನೂರರಷ್ಟು ಎತ್ತು ದಾರಿಯಲ್ಲಿರಬೇಕು. ಮದ್ದುಗುಂಡು, ಎತ್ತಿನ ಮೇವು, ದಂಡಿನ ಹಿಂದೆ ಬರುವ ಆಳುಕಾಳು ಇದರಲ್ಲಿ ಸೇರಿಲ್ಲ. ಕಣಜ ತುಂಬಿಸಿಕೊಳ್ಳದೆ ಮೇಲೆ ಕೂತವನಿಗೆ ಆ ದಾರಿಯ ಕಾವಲೇ ಕೋಟೆಯ ಕಾವಲು. ಟಿಪ್ಪು ಬಂದವನೇ ಘಟ್ಟದ ದಾರಿಗಳನ್ನು ಹಿಡಿದು ಕಡಲಿನ ಸಂಪರ್ಕ ಕಡಿದ. ಆಮೇಲಿನ ಮುತ್ತಿಗೆ ಹೆಚ್ಚು ದಿನ ನಡೆಯಲಿಲ್ಲ.

ಬಿದನೂರಿನ ಖಜಾನೆ ಹಂಚಿಕೆಯ ಜಗಳವೂ ಜೊತೆಗಿತ್ತು. ಮ್ಯಾಕ್ಲಿಯೋಡ್, ಹಂಬರ್‌ಸ್ಟನ್, ಶಾ ಎಂಬ ಮೂವರು ಹಿರಿಯ ಅಧಿಕಾರಿಗಳು ದಂಡು ಬಿಟ್ಟು ಮುಂಬಯಿಗೆ ದೂರು ಒಯ್ದರು; ಸರ್ಕಾರ ಮ್ಯಾಥ್ಯೂಸ್‌ನನ್ನು ಇಳಿಸಿ ಮ್ಯಾಕ್ಲಿಯೋಡ್‌ಗೆ ಅಧಿಕಾರ ಕೊಟ್ಟಿತು. ಅವನು ಬಂದು ಸೇರುವಷ್ಟರಲ್ಲಿ ಬಿದನೂರು ಕೈಬಿಟ್ಟಿತ್ತು.

ಅದೇ ವರ್ಷ ಶರಾವತಿ ಅಳಿವೆಯ ಹೊನ್ನಾವರದಲ್ಲಿ ಕ್ಯಾಪ್ಟನ್ ಟೋರಿಯಾನೋ ಮುತ್ತಿಗೆಗೆ ಮಣಿಯಲಿಲ್ಲ. ಅವನ ಬೆನ್ನಿಗೆ ಘಟ್ಟವಿರಲಿಲ್ಲ, ಕಡಲಿತ್ತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪುವಿಗೆ ಮರಳಿಸಬೇಕಾದ ಕೋಟೆಗಳೆಂದು ಹೊನ್ನಾವರ, ಕಾರವಾರ, ಸದಾಶಿವಗಡದ ಹೆಸರಿವೆ. ಬಿದನೂರಿನ ಮಾತು ಅಲ್ಲಿ ಬೇಕಿರಲಿಲ್ಲ. ಮ್ಯಾಥ್ಯೂಸ್ ಅಷ್ಟರೊಳಗೆ ಸೆರೆಯಲ್ಲೇ ಸತ್ತಿದ್ದ.