30/60/15: ಕಾರು ಇನ್ಶೂರೆನ್ಸಿನ ಮೂರು ಅಂಕಿಗಳು

ಊರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೊದಲ ಕಾರು ಕೊಂಡವರು ಇನ್ಶೂರೆನ್ಸ್ ದರ ವಿಚಾರಿಸಿದರೆ ಎದುರಾಗುವುದು 30/60/15. ಇದು ಅಲ್ಲಿನ ಕಾನೂನು ಹೇಳುವ ಕನಿಷ್ಠ ಮಿತಿ, ಸಾವಿರ ಡಾಲರ್‌ಗಳ ಲೆಕ್ಕದಲ್ಲಿ. ನಿಮ್ಮ ತಪ್ಪಿನಿಂದ ಅಪಘಾತವಾದರೆ ಗಾಯಗೊಂಡ ಒಬ್ಬರಿಗೆ ಕಂಪನಿ ಕೊಡುವುದು ಹೆಚ್ಚೆಂದರೆ 30 ಸಾವಿರ. ಎಷ್ಟೇ ಜನ ಗಾಯಗೊಂಡರೂ ಒಟ್ಟು 60 ಸಾವಿರ. ಇನ್ನೊಬ್ಬರ ಕಾರು, ಬೇಲಿ ಇತ್ಯಾದಿಗೆ 15 ಸಾವಿರ. ಇದರ ಹೆಸರು ಲಯಬಿಲಿಟಿ ಕವರೇಜ್. ನಿಮ್ಮ ಕಾರಿನ ರಿಪೇರಿಗೆ ಇದರಿಂದ ಬಿಡಿಗಾಸೂ ಸಿಗದು.

ನಮ್ಮ ಥರ್ಡ್ ಪಾರ್ಟಿ ಇನ್ಶೂರೆನ್ಸೇ ಇದು ಅಂದುಕೊಳ್ಳುವುದು ಸಹಜ. ಎಡವುವುದೂ ಅಲ್ಲೇ. ಭಾರತದಲ್ಲಿ ಸಾವು-ನೋವಿಗೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮೇಲ್ಮಿತಿ ಇಲ್ಲ. ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಕಂಪನಿ ಕಟ್ಟುತ್ತದೆ. ಅಮೆರಿಕದಲ್ಲಿ ಆ ಅಂಕಿ ಮುಗಿದಲ್ಲಿಗೆ ಕಂಪನಿಯ ಹೊಣೆಯೂ ಮುಗಿಯಿತು. ಉಳಿದದ್ದಕ್ಕೆ ಗಾಯಾಳು ನಿಮ್ಮ ಮೇಲೆಯೇ ದಾವೆ ಹೂಡಬಹುದು. ಉಳಿತಾಯ, ಸಂಬಳದ ಒಂದು ಪಾಲು ಎಲ್ಲಕ್ಕೂ ಕುತ್ತು. ಅಲ್ಲಿನ ಆಸ್ಪತ್ರೆಯ ಒಂದು ಶಸ್ತ್ರಚಿಕಿತ್ಸೆಗೇ 30 ಸಾವಿರ ಕರಗಿಹೋಗಬಹುದು. 15 ಸಾವಿರಕ್ಕಂತೂ ಇವತ್ತು ಒಂದು ಸಾಧಾರಣ ಹೊಸ ಕಾರೂ ಬರುವುದಿಲ್ಲ.

ಇದಾದರೂ ಹೆಚ್ಚಿಸಿದ ಮೊತ್ತ. 1967ರಿಂದ 2024ರ ಕೊನೆಯವರೆಗೂ ಕ್ಯಾಲಿಫೋರ್ನಿಯಾದಲ್ಲಿ 15/30/5 ಇತ್ತು! 2025ರ ಜನವರಿ 1ರಿಂದ ಹೊಸ ಮಿತಿ ಜಾರಿಯಾಯಿತು. 2035ರಲ್ಲಿ 50/100/25 ಆಗಲಿದೆ. ರಾಜ್ಯ ಬದಲಾದರೆ ಅಂಕಿಯೂ ಬದಲಾಗುತ್ತದೆ. ಟೆಕ್ಸಾಸಿನಲ್ಲಿ 30/60/25. ನ್ಯೂ ಹ್ಯಾಂಪ್‌ಶೈರಿನಲ್ಲಿ ಹೆಚ್ಚಿನವರಿಗೆ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ, ಆದರೆ ಅಪಘಾತದ ಹೊಣೆ ತಪ್ಪುವುದಿಲ್ಲ.

ಹಾಗಾದರೆ ಅಗ್ಗವಾಗುವುದು ಹೇಗೆ? ಲಯಬಿಲಿಟಿಯನ್ನು ಕತ್ತರಿಸಿ ಉಳಿಸಬೇಡಿ, ದಯವಿಟ್ಟು. ಮಿತಿಯನ್ನು ಎರಡು ಪಟ್ಟು ಮಾಡಿದರೆ ಪ್ರೀಮಿಯಂ ಸಾಮಾನ್ಯವಾಗಿ ಎರಡು ಪಟ್ಟಾಗುವುದಿಲ್ಲ. ಉಳಿಸುವುದಿದ್ದರೆ ಸ್ವಂತ ಕಾರಿನ ಭಾಗದಲ್ಲಿ ಉಳಿಸಿ: ಡಿಡಕ್ಟಿಬಲ್, ಅಂದರೆ ರಿಪೇರಿಗೆ ಮೊದಲು ನೀವು ಕೈಯಿಂದ ಹಾಕುವ ದುಡ್ಡನ್ನು ಹೆಚ್ಚಿಸಿಕೊಳ್ಳಿ. ಸಾಲವಿಲ್ಲದ ಹಳೆ ಕಾರಾದರೆ ಕೊಲಿಶನ್ ಕವರೇಜನ್ನೇ, ಅಂದರೆ ಡಿಕ್ಕಿಯಲ್ಲಿ ನಿಮ್ಮ ಕಾರಿಗಾದ ಹಾನಿಗೆ ದುಡ್ಡು ಕೊಡುವ ಭಾಗವನ್ನೇ ಕೈಬಿಡಬಹುದು. ಹೊಸಬರಿಗೆ ಇನ್ನೊಂದು ಮಾತು: ಟೆಕ್ಸಾಸಿನಂಥ ಬಹುಪಾಲು ರಾಜ್ಯಗಳಲ್ಲಿ ಕ್ರೆಡಿಟ್ ಇತಿಹಾಸ (ಸಾಲ ಪಡೆದು ತೀರಿಸಿದ ದಾಖಲೆ) ನೋಡಿ ದರ ಕಟ್ಟಬಹುದು, ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಮಾಡುವಂತಿಲ್ಲ.

ದರ ಕೇಳುವಾಗ ಕನಿಷ್ಠ ಮಿತಿಯ ಜೊತೆಗೆ 100/300/100ಕ್ಕೂ ಕೇಳಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇನ್ಶೂರೆನ್ಸ್ ಇಲ್ಲದವನು ನಿಮಗೆ ಗುದ್ದಿದರೆ ನೆರವಾಗುವ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಅದರಲ್ಲಿ ಇದೆಯೇ ಎಂದೂ ಕೇಳಿ.