ಚಮಚ ಓರೆ ಮಾಡಿ ನೋಡಿ

ಎಂಟು ತಿಂಗಳ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಅಜ್ಜಿಯೊಬ್ಬರು ಹೇಳಿದರು: "ದಿನಕ್ಕೆ ನಾಲ್ಕು ಸಲ ರಾಗಿ ಸರಿ ತಿನ್ನಿಸ್ತೀವಿ ಮೇಡಂ. ಒಂದು ಸಲಾನೂ ತಪ್ಪಿಸಿಲ್ಲ. ತೂಕ ಮಾತ್ರ ಏರ್ತಾ ಇಲ್ಲ." ಪಕ್ಕದಲ್ಲಿ ತಾಯಿ ತಲೆ ತಗ್ಗಿಸಿ ಕೂತಿದ್ದರು. ಇವಳ ಹಾಲೇ ಸಾಲದು ಅಂತ ಮನೆಯಲ್ಲಿ ಆಗಲೇ ಮಾತು ಬಂದಿತ್ತು. ಚೀಲದಲ್ಲಿ ಮಗುವಿನ ಊಟದ ಡಬ್ಬಿ ಇತ್ತು. ತೆಗೆಸಿ, ಒಂದು ಚಮಚ ಎತ್ತಿ ಓರೆ ಮಾಡಿದೆ. ಸರಿ ನೀರಿನ ಹಾಗೆ ಸುರಿದುಹೋಯಿತು.

ಹೇಗೆ ಮಾಡ್ತೀರಿ ಅಂತ ಕೇಳಿದೆ. ಒಂದು ಚಿಕ್ಕ ಬಟ್ಟಲು ನೀರಿಗೆ ಒಂದೇ ಚಮಚ ಹಿಟ್ಟು. "ಗಟ್ಟಿ ಮಾಡಿದ್ರೆ ಮಗೂಗೆ ಅರಗಲ್ಲ ಅಲ್ವಾ?"

ಮಕ್ಕಳ ವೈದ್ಯೆಯಾಗಿ ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟಿರುವ ಪ್ರಶ್ನೆ ಇದು. ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಐದು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 16 ಕ್ಯಾಲೊರಿ. ನಾಲ್ಕು ಸಲ ಕೊಟ್ಟರೂ 65 ದಾಟುವುದಿಲ್ಲ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಇನ್ನೊಂದು ವಿಷಯ ಗಮನಿಸಿ. 100 ಮಿಲಿ ಎದೆಹಾಲಿನಲ್ಲಿ ಸುಮಾರು 65 ಕ್ಯಾಲೊರಿ ಇರುತ್ತದೆ. ಅಂದರೆ ಈ ಮಗು ತಾಯಿಯ ಹಾಲಿಗಿಂತ ಎಷ್ಟೋ ತೆಳ್ಳಗಿನ ಗಂಜಿಯಿಂದ ಹೊಟ್ಟೆ ತುಂಬಿಸಿಕೊಂಡು, ಹಸಿವಿಲ್ಲದೆ ಹಾಲು ಕಡಿಮೆ ಮಾಡುತ್ತಿತ್ತು. ತಾಯಿಯ ಹಾಲಿನದು ಏನೂ ತಪ್ಪಿರಲಿಲ್ಲ. ಅದನ್ನು ಅಜ್ಜಿಯ ಎದುರಿಗೇ ಹೇಳಿದೆ.

ಏಳು ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚುಕಡಿಮೆ 200 ಮಿಲಿ. ಅಷ್ಟು ಚಿಕ್ಕ ಜಾಗದಲ್ಲಿ ನೀರು ತುಂಬಿದರೆ ಊಟಕ್ಕೆ ಜಾಗ ಎಲ್ಲಿ? ಬೇಳೆ ಕಟ್ಟು, ಸಾರಿನ ತಿಳಿ, ಅನ್ನದ ಗಂಜಿ, ಸೇಬಿನ ರಸ ಎಲ್ಲಕ್ಕೂ ಇದೇ ಮಾತು. ಕಟ್ಟಿನಲ್ಲಿ ಬೇಳೆಯ ಸತ್ವ ಇಳಿದಿರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸತ್ವ ತಳದಲ್ಲಿ ಉಳಿದ ಬೇಳೆಯಲ್ಲೇ ಇರುತ್ತದೆ, ಮಗುವಿಗೆ ಅದನ್ನು ಕಿವುಚಿ ಕೊಡಿ.

ಅದೇ ಬಟ್ಟಲಿಗೆ ಮೂರು ಚಮಚ ಹಿಟ್ಟು ಹಾಕಿ, ಚೆನ್ನಾಗಿ ಬೇಯಿಸಿ, ಇಳಿಸಿದ ಮೇಲೆ ಒಂದು ಚಿಕ್ಕ ಚಮಚ ತುಪ್ಪ ಬೆರೆಸಿ. ತುಪ್ಪದಿಂದಲೇ 45 ಕ್ಯಾಲೊರಿ ಬರುತ್ತದೆ. ಒಂದು ಬಟ್ಟಲಿಗೆ ಹೆಚ್ಚುಕಡಿಮೆ 95 ಆಯಿತು. ಎರಡು ಸಲ ತಿಂದರೆ 200ರ ಹತ್ತಿರ ಬಂದೆವು. ಚಮಚ ಓರೆ ಮಾಡಿದರೆ ಊಟ ಜಾರಬಾರದು, ಅಂಟಿಕೊಂಡಿರಬೇಕು. ಆರು ತಿಂಗಳು ತುಂಬಿದ ಮಗುವಿಗೆ ಇದು ಅರಗುತ್ತದೆ.

ಗಟ್ಟಿ ಸರಿ ನುಂಗಲು ಕಷ್ಟಪಡುವ ಮಗುವಿಗೆ ನಮ್ಮ ಹಿರಿಯರ ಮೊಳಕೆ ಹಿಟ್ಟು ತುಂಬಾ ಒಳ್ಳೆಯದು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಪುಡಿ ಮಾಡುತ್ತಾರಲ್ಲ, ಅದೇ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ. ಗಟ್ಟಿ ಸರಿ ಸ್ವಲ್ಪ ಆರಿದ ಮೇಲೆ ಒಂದು ಚಿಟಿಕೆ ಬೆರೆಸಿ ಕಲಕಿ, ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ಮತ್ತೆ ಒಂದು ಕುದಿ ಬರಿಸಿ ಇಳಿಸಿ. ನೀರು ಸೇರಿಸದೆ ಸಡಿಲವಾದ ಸರಿ ಚಮಚದಿಂದ ಜಾರಿದರೂ ಚಿಂತೆಯಿಲ್ಲ. ಕುದಿಯುವ ಸರಿಗೇ ಹಾಕಿದರೆ ಮಾತ್ರ ಕಿಣ್ವ ಕೆಡುತ್ತದೆ. ಮೊಳಕೆ ಹಿಟ್ಟನ್ನು ಹುರಿದು ಇಟ್ಟಿದ್ದರೂ ಅಷ್ಟೇ, ಈ ಕೆಲಸಕ್ಕೆ ಬಾರದು.

ಇನ್ನು ಕಬ್ಬಿಣಾಂಶ. ಹುಟ್ಟುವಾಗ ತಾಯಿಯಿಂದ ಪಡೆದ ದಾಸ್ತಾನು ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ರಾಗಿ ಕೊಡ್ತಿದ್ದೀವಲ್ಲ ಅನ್ನುತ್ತಾರೆ. ರಾಗಿಯ ಹೆಚ್ಚುಗಾರಿಕೆ ಇರುವುದು ಕ್ಯಾಲ್ಸಿಯಂನಲ್ಲಿ, 100 ಗ್ರಾಂಗೆ 340 ಮಿಲಿಗ್ರಾಂಗೂ ಜಾಸ್ತಿ. ಅದರಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಹಾಗಾಗಿ ಬೇಳೆ, ಸೊಪ್ಪು ಬೇಯಿಸಿ ಕಿವುಚಿ ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆಯ ವಿಟಮಿನ್ ಸಿ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಮಾಂಸ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿ ಅರೆದ ಕೋಳಿ, ಮೀನು, ಸ್ವಲ್ಪ ಈಲಿ ಕೊಡಿ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆರು ತಿಂಗಳಿಂದಲೇ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ ಹಾಕಬೇಕು. ಮಲ ಕಪ್ಪಾಯಿತೆಂದು ಅದನ್ನು ಕಪಾಟಿಗೆ ಸೇರಿಸಿಬಿಡುವ ಮನೆಗಳು ಜಾಸ್ತಿ. ಕಪ್ಪಾಗುವುದು ಸಹಜ, ನಿಲ್ಲಿಸಬೇಡಿ.

ಆರು ತಿಂಗಳು ಅಂದರೆ ಯಾವಾಗ ಅನ್ನುವುದರಲ್ಲೂ ಗೊಂದಲವಿದೆ. ಆರನೇ ತಿಂಗಳು ಬೇರೆ, ಆರು ತಿಂಗಳು ತುಂಬುವುದು ಬೇರೆ. ಹುಟ್ಟಿದ ದಿನದಿಂದ 180 ದಿನ ಎಣಿಸಿ. ಅಷ್ಟು ಹೊತ್ತಿಗೆ ಕತ್ತು ನಿಂತಿರುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ನೀವು ತುತ್ತು ಎತ್ತಿದರೆ ಬಾಯಿ ತೆರೆಯುತ್ತದೆ. ಹೆಣ್ಣು ಮಗುವಿಗೆ ಐದನೇ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ಮನೆಗಳಿವೆ. ಶಾಸ್ತ್ರಕ್ಕೆ ನಾಲಿಗೆಗೆ ಸೋಕಿಸಿ, ದಿನದ ಊಟ ಮಾತ್ರ ಆರು ತುಂಬಿದ ಮೇಲೆಯೇ.

ಮೊದಲ ವಾರ ಒಂದು ಸಲಕ್ಕೆ ಎರಡು ಮೂರು ಚಮಚ ಸಾಕು. ಆಮೇಲೆ ದಿನಕ್ಕೆ ಎರಡು ಮೂರು ಸಲ, ನಿಧಾನವಾಗಿ ಅರ್ಧ ಬಟ್ಟಲಿನವರೆಗೆ. ಮೊದಲ ತುತ್ತು ನಾಲಿಗೆಯಿಂದ ಆಚೆ ಬಂದರೆ ಮಗುವಿಗೆ ರುಚಿಸಲಿಲ್ಲ ಅಂತ ತೀರ್ಮಾನಿಸಬೇಡಿ, ನುಂಗುವುದನ್ನು ಅದು ಈಗಷ್ಟೇ ಕಲಿಯುತ್ತಿದೆ. ಅದೇ ತರಕಾರಿಯನ್ನು ಎಂಟು ಹತ್ತು ದಿನ ಕೊಟ್ಟು ನೋಡಿ. ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಸುರಿಯುವುದನ್ನು ದಯವಿಟ್ಟು ಬಿಡಿ. ಊಟ ಶ್ವಾಸಕ್ಕೆ ಹೋಗುವ ಭಯವಿದೆ. ಒಳಲೆಯಲ್ಲಿ ಸುರಿಯಬೇಕೆಂದರೆ ಊಟ ತೆಳ್ಳಗಿರಲೇಬೇಕು, ಆ ಅಜ್ಜಿಯ ಸರಿ ನೀರಾದದ್ದೂ ಹಾಗೆಯೇ. ಮಗು ಕೂತಿರಲಿ, ಬಾಯಿ ತಾನೇ ತೆರೆಯಲಿ.

ಮೊಟ್ಟೆಯನ್ನು, ಕಡಲೆಕಾಯಿಯನ್ನು ಅಲರ್ಜಿಗೆ ಹೆದರಿ ಎರಡು ವರ್ಷ ದೂರ ಇಡುವ ಅಗತ್ಯವಿಲ್ಲ. ಗಟ್ಟಿಯಾಗಿ ಬೆಂದ ಮೊಟ್ಟೆ, ಹುರಿದು ನುಣ್ಣಗೆ ಅರೆದು ಸರಿಯಲ್ಲಿ ಬೆರೆಸಿದ ಕಡಲೆಕಾಯಿ ಆರು ತಿಂಗಳ ನಂತರ ಕೊಡಬಹುದು. ತೀವ್ರ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಕಡಲೆಬೀಜ ಮಾತ್ರ ಐದು ವರ್ಷದವರೆಗೂ ಕೈಗೆ ಸಿಗದಿರಲಿ. ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಬೀಜ ಜೀವ ತೆಗೆಯಬಲ್ಲದು. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಕರುಳಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಮಾಡುತ್ತದೆ. ಉಪ್ಪು, ಸಕ್ಕರೆ, ಬೆಲ್ಲವೂ ಬೇಡ.

ಎಂಟು ತಿಂಗಳಾದ ಮೇಲೆ ಮಿಕ್ಸಿ ಬದಿಗಿಡಿ. ಕೈಯಲ್ಲಿ ಕಿವುಚಿದರೆ ಸಾಕು, ಸಣ್ಣ ಗಂಟುಗಳು ಇರಲಿ. ಒಂದು ವರ್ಷವಾದರೂ ನುಣ್ಣಗೇ ತಿಂದ ಮಕ್ಕಳು ಒಂದು ಅಗುಳು ಸಿಕ್ಕರೂ ಓಕರಿಸುವುದನ್ನು ನಾನು ವಾರವಾರವೂ ನೋಡುತ್ತೇನೆ. ಕಲಿಯುವಾಗ ಸದ್ದು ಮಾಡಿ ಓಕರಿಸಿದರೆ ಗಾಬರಿ ಬೇಡ. ಸದ್ದೇ ಇಲ್ಲದೆ ಮುಖ ನೀಲಿಗಟ್ಟಿದರೆ ಅದು ಸಿಕ್ಕಿಕೊಂಡಿರುವುದು. ಆಗ ಮುಖ ಕೆಳಗೆ ಮಾಡಿ, ತಲೆ ತಗ್ಗಿಸಿ, ಬೆನ್ನಿಗೆ ಐದು ಏಟು ಕೊಡಬೇಕು. ಮನೆಯಲ್ಲಿ ಮಗು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲಿ.

ಜ್ವರ, ಭೇದಿ ಬಂದಾಗ ಊಟ ನಿಲ್ಲಿಸಬೇಡಿ. ಹಾಲು ಜಾಸ್ತಿ ಸಲ ಕೊಡಿ, ಊಟ ಸ್ವಲ್ಪ ಸ್ವಲ್ಪವೇ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳಿ ಬರುತ್ತದೆ.