ಹಾರ್ಡ್ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಲೇಬೇಕಾ?

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೇನೆ. 1 ಟಿಬಿ ಎಸ್‌ಎಸ್‌ಡಿ ಇದೆ. ಆದರೆ ತೆರೆದು ನೋಡಿದರೆ ಸಿ ಡ್ರೈವ್ ಒಂದೇ ಕಾಣುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಸಿ, ಡಿ, ಇ ಎಂದು ಮೂರು ಇದ್ದವು. ಗೊತ್ತಿರುವವರನ್ನು ಕೇಳಿದರೆ "ಮೊದಲು ಪಾರ್ಟಿಷನ್ ಮಾಡಿಸಿ, ಇಲ್ಲದಿದ್ದರೆ ಒಂದಿನ ಫೋಟೋ ಎಲ್ಲ ಹೋಗುತ್ತೆ" ಅನ್ನುತ್ತಾರೆ. ಮಾಡಿಸಬೇಕಾ? ಮಾಡಿಸದಿದ್ದರೆ ಏನಾದರೂ ತೊಂದರೆಯಾ?

ಉತ್ತರ: ನಿಮ್ಮದು ಒಂದೇ ಡಿಸ್ಕ್, ಅದರಲ್ಲಿರುವುದು ವಿಂಡೋಸ್ ಒಂದೇ ಅಂತಾದರೆ ಪಾರ್ಟಿಷನ್ ಬೇಕಾಗಿಲ್ಲ. ಸಿ ಡ್ರೈವ್ ಒಂದೇ ಇರಲಿ, ಹಾಗೇ ಬಿಡಿ. ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ಫೋಟೋ ಹೋಗದ ಹಾಗೆ ಏನು ಮಾಡಬೇಕು ಎನ್ನುವುದು. ಅದು ಇದಕ್ಕಿಂತ ದೊಡ್ಡದು, ಮತ್ತು ಪಾರ್ಟಿಷನ್ ಅದಕ್ಕೆ ಉತ್ತರ ಅಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ 'ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನಲ್ಲ' ಎಂಬ ಧೈರ್ಯದಲ್ಲಿ ಬ್ಯಾಕಪ್ಪೇ ತೆಗೆಯದವರು ತುಂಬಾ ಜನ ಇದ್ದಾರೆ.

ಪಾರ್ಟಿಷನ್ ಮಾಡಿದಾಗ ಡಿಸ್ಕಿನ ಒಳಗೆ ಏನೂ ತುಂಡಾಗುವುದಿಲ್ಲ. ಡಿಸ್ಕಿನ ಶುರುವಿನಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಒಂದು ಭಾಗ, ಅಲ್ಲಿಂದ ಮುಂದೆ ಇನ್ನೊಂದು ಎಂದು ಅದರಲ್ಲಿ ಬರೆದಿರುತ್ತದೆ. ವಿಂಡೋಸ್ ಆ ಪಟ್ಟಿ ನೋಡಿ ಒಂದಕ್ಕೆ ಸಿ, ಇನ್ನೊಂದಕ್ಕೆ ಡಿ ಎಂದು ಅಕ್ಷರ ಕೊಡುತ್ತದೆ. ಅಷ್ಟೇ. ಹಳೆಯ ಕಂಪ್ಯೂಟರುಗಳಲ್ಲಿ ಈ ಪಟ್ಟಿಗೆ ಎಂಬಿಆರ್ ಎಂಬ ಪದ್ಧತಿ ಇತ್ತು. ಅದರಲ್ಲಿ ನಾಲ್ಕು ಮುಖ್ಯ ಭಾಗಗಳಿಗಷ್ಟೇ ಅವಕಾಶ. 2 ಟಿಬಿಗಿಂತ ಆಚೆಗಿನ ಜಾಗ ಅದರ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಈಗಿನವುಗಳಲ್ಲಿ ಇರುವುದು ಜಿಪಿಟಿ. ವಿಂಡೋಸ್‌ನಲ್ಲಿ ಇದರಿಂದ 128 ಭಾಗಗಳವರೆಗೆ ಮಾಡಬಹುದು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ.

ಇನ್ನೊಂದು ವಿಷಯ. ನಿಮಗೆ ಸಿ ಒಂದೇ ಕಂಡರೂ ನಿಮ್ಮ ಡಿಸ್ಕಿನಲ್ಲಿ ಈಗಾಗಲೇ ಬೇರೆ ಭಾಗಗಳಿವೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು ನೋಡಿ. ಕಂಪ್ಯೂಟರ್ ಶುರುವಾಗಲು ಬೇಕಾದ ಇಎಫ್‌ಐ ಭಾಗ, ವಿಂಡೋಸ್ ಕೆಟ್ಟಾಗ ಸರಿಮಾಡಲು ಬೇಕಾದ ರಿಕವರಿ ಭಾಗ ಅಲ್ಲಿರುತ್ತವೆ. ಅವಕ್ಕೆ ಅಕ್ಷರ ಇರುವುದಿಲ್ಲ. ಪೂರ್ತಿ ಖಾಲಿ ಇದ್ದ ಹಾಗೆಯೂ ಕಾಣುತ್ತವೆ. ಸುಮ್ನೆ ಜಾಗ ತಿನ್ನುತ್ತಿವೆ ಎಂದು ಅಳಿಸಲು ಹೋಗಬೇಡಿ. ಇಎಫ್‌ಐ ಭಾಗ ಹೋದರೆ ವಿಂಡೋಸ್ ಶುರುವಾಗುವುದೇ ಇಲ್ಲ. ಹಾಗೆಯೇ, 1 ಟಿಬಿ ಎಂದು ಕೊಂಡ ಡಿಸ್ಕ್ ಅಲ್ಲಿ 931 ಜಿಬಿ ಎಂದು ಕಂಡರೆ ಗಾಬರಿ ಬೇಡ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಎಲ್ಲೂ ಕಳೆದುಹೋಗಿಲ್ಲ.

ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ಮೂರು ಯಾಕಿದ್ದವು? ಆಗ ಅದಕ್ಕೆ ಸರಿಯಾದ ಕಾರಣಗಳಿದ್ದವು. ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದ ಬಂದ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್16 ಎಂಬ ಪದ್ಧತಿಯಲ್ಲಿ ಒಂದು ಭಾಗ 2 ಜಿಬಿಗಿಂತ ದೊಡ್ಡದಾಗುವಂತಿರಲಿಲ್ಲ. ಡಿಸ್ಕ್ ಅದಕ್ಕಿಂತ ದೊಡ್ಡದಿದ್ದರೆ ಭಾಗ ಮಾಡದೆ ಬೇರೆ ದಾರಿಯೇ ಇಲ್ಲ. ಜೊತೆಗೆ, ಭಾಗ ದೊಡ್ಡದಾದಷ್ಟೂ ಜಾಗ ಪೋಲಾಗುತ್ತಿತ್ತು. 2 ಜಿಬಿ ಭಾಗದಲ್ಲಿ 1 ಕೆಬಿಯ ಪುಟ್ಟ ಕಡತ ಇಟ್ಟರೂ ಅದು 32 ಕೆಬಿ ಜಾಗ ಹಿಡಿಯುತ್ತಿತ್ತು. ಸಣ್ಣ ಸಣ್ಣ ಭಾಗ ಮಾಡಿದರೆ ಈ ಪೋಲು ಕಡಿಮೆ. 1996ರಲ್ಲಿ ವಿಂಡೋಸ್ 95ರ ತಿದ್ದಿದ ಆವೃತ್ತಿಯ ಜೊತೆ ಫ್ಯಾಟ್32 ಬಂತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಮನೆಯ ಕಂಪ್ಯೂಟರುಗಳಿಗೂ ಎನ್‌ಟಿಎಫ್‌ಎಸ್ ಎಂಬ ಪದ್ಧತಿ ಬಂತು. ಇವುಗಳಲ್ಲಿ ಆ 2 ಜಿಬಿಯ ಕಟ್ಟು ಇಲ್ಲ, ಅಲ್ಲಿಗೆ ಈ ಕಾರಣ ಮುಗಿಯಿತು. ಅಭ್ಯಾಸ ಮಾತ್ರ ಉಳಿಯಿತು.

ಎರಡನೇ ಕಾರಣ ವೇಗ. ತಿರುಗುವ ತಟ್ಟೆಯಿರುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯ ಹೊರ ಅಂಚಿನಿಂದ ಓದುವುದು ಬೇಗ ಆಗುತ್ತದೆ. ಮೊದಲ ಭಾಗ ಆ ಅಂಚಿನಲ್ಲೇ ಕೂರುವುದರಿಂದ ಸಿ ಡ್ರೈವ್ ಚಿಕ್ಕದಿದ್ದರೆ ವಿಂಡೋಸಿಗೆ ಸ್ವಲ್ಪ ಲಾಭ ಇತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಅದರೊಳಗಿನ ಕಂಟ್ರೋಲರ್ ಎಲ್ಲ ಚಿಪ್ಪುಗಳೂ ಸಮನಾಗಿ ಸವೆಯಲಿ ಎಂದು ಮಾಹಿತಿಯನ್ನು ಎಲ್ಲೆಲ್ಲೋ ಹರಡಿ ಇಡುತ್ತದೆ. ನೀವು ಸಿ, ಡಿ ಎಂದು ಎಷ್ಟೇ ಭಾಗ ಮಾಡಿದರೂ ಒಳಗೆ ಎರಡೂ ಬೆರೆತೇ ಇರುತ್ತವೆ. ನಿಮ್ಮದು ಎಸ್‌ಎಸ್‌ಡಿ ಆದ್ದರಿಂದ ವೇಗದ ಮಾತನ್ನು ಮರೆತುಬಿಡಿ.

ಮೂರನೆಯದು ಸ್ವಲ್ಪ ಗಟ್ಟಿ ಕಾರಣ. ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಆಗಾಗ ಸಿಸ್ಟಮ್ ಕೆಡುತ್ತಿತ್ತು, ವೈರಸ್ ಬರುತ್ತಿತ್ತು. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕಿತ್ತು. ಡಿಯಲ್ಲಿ ಇಟ್ಟದ್ದು ಹಾಗೇ ಉಳಿಯುತ್ತಿತ್ತು. ರಿಪೇರಿಯವರ ಕೆಲಸವೂ ಸಲೀಸು, ನಿಮಗೂ ನೆಮ್ಮದಿ. 'ಡಿಯಲ್ಲಿ ಇಟ್ಟರೆ ಸೇಫ್' ಎಂಬ ಮಾತು ಹುಟ್ಟಿದ್ದೇ ಅಲ್ಲಿಂದ. ಈಗ ವಿಂಡೋಸಿನ ಸೆಟ್ಟಿಂಗ್ಸ್ ಒಳಗೇ 'ರೀಸೆಟ್' ಇದೆ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿಕೊಂಡರೆ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ನಿಮ್ಮ ಕಡತಗಳು ಉಳಿಯುತ್ತವೆ. ಇದಕ್ಕೆ ಡಿ ಡ್ರೈವ್ ಬೇಕಿಲ್ಲ.

ಈಗ ನಿಮ್ಮ ಭಯದ ವಿಷಯಕ್ಕೆ ಬರೋಣ. ಡಿ ಡ್ರೈವ್ ನಿಮ್ಮನ್ನು ಒಂದೇ ಒಂದು ಸಂದರ್ಭದಲ್ಲಿ ಕಾಪಾಡುತ್ತದೆ. ಸಿಯನ್ನು ಮಾತ್ರ ಫಾರ್ಮ್ಯಾಟ್ ಮಾಡಿದಾಗ. ಆದರೆ ಫೋಟೋ ಹೋಗುವ ದಾರಿಗಳು ಬೇರೆಯೇ. ಎಸ್‌ಎಸ್‌ಡಿ ಯಾವ ಸೂಚನೆಯೂ ಇಲ್ಲದೆ ಒಂದು ದಿನ ಕೈಕೊಡಬಹುದು. ಲ್ಯಾಪ್‌ಟಾಪ್ ಕಳವಾಗಬಹುದು, ನೀರು ಬೀಳಬಹುದು. ನಾವೇ ತಪ್ಪಿ ಫೋಲ್ಡರ್ ಅಳಿಸಬಹುದು. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದರೆ ಅದು ಸಿ ಎಂದೂ ನೋಡುವುದಿಲ್ಲ, ಡಿ ಎಂದೂ ನೋಡುವುದಿಲ್ಲ. ಕೈಗೆ ಸಿಕ್ಕ ಡ್ರೈವ್‌ಗಳನ್ನೆಲ್ಲ ಹಿಡಿಯುತ್ತದೆ. ಗದ್ದೆಯ ನಡುವೆ ಬದು ಹಾಕಿದರೂ ಹೊಳೆ ಉಕ್ಕಿದಾಗ ಬದುವಿನ ಎರಡೂ ಕಡೆ ನೀರೇ ಅಲ್ವಾ? ಇದೂ ಹಾಗೆಯೇ. ಭಾಗ ಎರಡಾದರೂ ಡಿಸ್ಕ್ ಒಂದೇ.

ಇನ್ನೂ ಒಂದು ಮಾತಿದೆ, ಇದನ್ನು ಯಾರೂ ಹೇಳುವುದಿಲ್ಲ. ಡಿ ಡ್ರೈವ್ ಮಾಡಿಸಿಕೊಂಡವರ ಬೇಕಾದ ಕಡತಗಳೆಲ್ಲ ಡಿಯಲ್ಲಿ ಇರುತ್ತವಾ? ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಸಿಯಲ್ಲಿದೆ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಸಿಯಲ್ಲೇ. ಬ್ರೌಸರಿನಲ್ಲಿ ಉಳಿಸಿದ ಬುಕ್‌ಮಾರ್ಕು, ಪಾಸ್‌ವರ್ಡುಗಳೂ ಸಿಯ ಒಳಗಿನ ಅಡಗಿದ ಫೋಲ್ಡರಿನಲ್ಲಿ. ಫಾರ್ಮ್ಯಾಟ್ ಆದಮೇಲೆ ನೋಡಿದರೆ ಡಿಯಲ್ಲಿ ಹಳೆಯ ಸಿನಿಮಾಗಳು ಭದ್ರವಾಗಿರುತ್ತವೆ, ಮೊನ್ನೆ ಡೆಸ್ಕ್‌ಟಾಪ್ ಮೇಲೆ ಇಟ್ಟ ಕೆಲಸದ ಕಾಗದಪತ್ರ ಹೋಗಿರುತ್ತದೆ. ಅಲ್ಲದೆ ವಿಂಡೋಸ್ ಹೊಸದಾಗಿ ಹಾಕುವಾಗ ಭಾಗಗಳ ಪಟ್ಟಿ ಬರುತ್ತದೆ. ಅಲ್ಲಿ ಸಿ, ಡಿ ಎಂಬ ಅಕ್ಷರಗಳೇ ಇರುವುದಿಲ್ಲ, ಬರೀ ಸಂಖ್ಯೆಗಳು. ಒಂದು ತಪ್ಪು ಸಾಲು ಆರಿಸಿದರೆ ಡಿಯೂ ಹೋಯಿತು. ತಿರುಗುವ ಡಿಸ್ಕಾಗಿದ್ದರೆ ರಿಕವರಿ ಮಾಡುವವರು ಎಷ್ಟೋ ಸಲ ಅಳಿಸಿದ್ದನ್ನು ವಾಪಸ್ ತರುತ್ತಾರೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡಿಬಿಡುವುದರಿಂದ ಆ ಆಸೆಯೂ ಕಡಿಮೆ.

ಪಾರ್ಟಿಷನ್‌ನಿಂದ ಲಾಭ ಇಲ್ಲ ಅಂದರೆ ಇದ್ದರೆ ಇರಲಿ ಬಿಡಿ ಅನ್ನಬಹುದು. ಆದರೆ ಅದರಿಂದ ತೊಂದರೆಯೂ ಇದೆ. ಸಿಗೆ ಎಷ್ಟು ಕೊಡಬೇಕು, ಡಿಗೆ ಎಷ್ಟು ಕೊಡಬೇಕು ಎಂದು ಇವತ್ತೇ ತೀರ್ಮಾನ ಮಾಡಬೇಕು. ಮೂರು ವರ್ಷ ಬಿಟ್ಟು ನಿಮಗೆ ಏನು ಬೇಕಾಗುತ್ತದೆ ಎಂದು ಇವತ್ತು ಹೇಗೆ ಗೊತ್ತಾಗಬೇಕು? 100 ಜಿಬಿ ಸಾಕು ಎಂದು ಸಿಗೆ ಕೊಟ್ಟಿರುತ್ತಾರೆ. ಪ್ರೋಗ್ರಾಂಗಳು ಹೆಚ್ಚುತ್ತವೆ, ವಿಂಡೋಸ್ ಅಪ್‌ಡೇಟ್‌ಗಳು ಬರುತ್ತವೆ, ಸಿ ತುಂಬಿ ಅದರ ಗುರುತು ಕೆಂಪಾಗುತ್ತದೆ. ಜಾಗ ಇಲ್ಲದೆ ಅಪ್‌ಡೇಟ್ ನಿಲ್ಲುತ್ತದೆ. ಪಕ್ಕದ ಡಿಯಲ್ಲಿ 600 ಜಿಬಿ ಖಾಲಿ ಬಿದ್ದಿರುತ್ತದೆ.

ಆಗ ಡಿಯನ್ನು ಕುಗ್ಗಿಸಿ ಸಿಯನ್ನು ಹಿಗ್ಗಿಸಬಹುದಲ್ಲ ಅನ್ನಿಸುತ್ತದೆ. ಅಷ್ಟು ಸುಲಭ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಎಕ್ಸ್‌ಟೆಂಡ್ ವಾಲ್ಯೂಮ್' ಕೆಲಸ ಮಾಡಬೇಕಾದರೆ ಖಾಲಿ ಜಾಗ ಸಿಗೆ ಅಂಟಿಕೊಂಡು ಅದರ ಬಲಗಡೆಯೇ ಇರಬೇಕು. ಡಿಯನ್ನು ಕುಗ್ಗಿಸಿದರೆ ಬಿಡುಗಡೆಯಾಗುವ ಜಾಗ ಡಿಯ ಬಲಕ್ಕೆ ಹೋಗುತ್ತದೆ. ನಡುವೆ ಡಿ ಕೂತಿರುತ್ತದೆ. ಕೆಲವೊಮ್ಮೆ ಸಿಯ ಪಕ್ಕದಲ್ಲೇ ರಿಕವರಿ ಭಾಗವೂ ಅಡ್ಡ ಇರುತ್ತದೆ. ಹಾಗಾಗಿ 'ಎಕ್ಸ್‌ಟೆಂಡ್' ಮಸುಕಾಗಿ ಕಾಣುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ. ಡಿಯಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆದು, ಡಿಯನ್ನು ಅಳಿಸಿ, ಸಿಯನ್ನು ಹಿಗ್ಗಿಸಬೇಕು. ಇಲ್ಲವೇ ಭಾಗಗಳನ್ನೇ ಸರಿಸುವ ಬೇರೆ ಸಾಫ್ಟ್‌ವೇರ್ ಬೇಕು. ಆ ಕೆಲಸದ ನಡುವೆ ಕರೆಂಟ್ ಹೋದರೆ ಕಷ್ಟ. ಭಾಗ ಒಂದೇ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಕಡತಗಳನ್ನು ಬೇರೆ ಬೇರೆ ಇಡಬೇಕು ಎನ್ನುವುದಷ್ಟೇ ಆಸೆಯಾದರೆ ಫೋಲ್ಡರ್ ಸಾಕು. ಫೋಲ್ಡರಿಗೆ ಇಷ್ಟೇ ಜಾಗ ಎಂಬ ಕಟ್ಟಿಲ್ಲ. ಒಂದರಿಂದ ಇನ್ನೊಂದಕ್ಕೆ ಸರಿಸಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದೆ. ಸಿಯಿಂದ ಡಿಗೆ ಸರಿಸುವಾಗ ಪೂರ್ತಿ ನಕಲು ಮಾಡಿ ಆಮೇಲೆ ಅಳಿಸಬೇಕಾದ್ದರಿಂದ ಕಾಯಬೇಕು.

ನಿಜವಾಗಿ ಭಾಗ ಮಾಡಬೇಕಾದವರೂ ಇದ್ದಾರೆ. ವಿಂಡೋಸ್ ಜೊತೆಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕುವವರು ಮೊದಲನೆಯವರು. ಎರಡೂ ಒಂದೇ ಭಾಗದಲ್ಲಿ ಹೊಂದಿಕೊಳ್ಳುವುದಿಲ್ಲ. ವಿಂಡೋಸಿಗೆ ಎನ್‌ಟಿಎಫ್‌ಎಸ್ ಬೇಕು, ಲಿನಕ್ಸಿಗೆ ಸಾಮಾನ್ಯವಾಗಿ ಎಕ್ಸ್‌ಟಿ4 ಎಂಬ ಬೇರೆ ಪದ್ಧತಿ. ಬೇರೆ ಬೇರೆ ಲಿನಕ್ಸ್ ಬದಲಾಯಿಸುತ್ತಾ ಕಲಿಯುವವರಿಗೆ ಸ್ವಂತ ಕಡತಗಳಿರುವ 'ಹೋಮ್' ಭಾಗವನ್ನು ಪ್ರತ್ಯೇಕ ಇಟ್ಟುಕೊಳ್ಳುವುದು ತುಂಬಾ ಅನುಕೂಲ. ಸಿಸ್ಟಮ್ ಹೊಸದಾದರೂ ಕಡತ, ಸೆಟ್ಟಿಂಗ್ ಉಳಿಯುತ್ತವೆ. ವಿಂಡೋಸಿನ ಪೂರ್ತಿ ಇಮೇಜ್, ಅಂದರೆ ಸಿ ಇದ್ದ ಹಾಗೇ ಒಂದು ನಕಲು, ತೆಗೆದಿಟ್ಟುಕೊಂಡು ಆಗಾಗ ಹಳೆಯ ಸ್ಥಿತಿಗೆ ಮರಳುವವರಿಗೂ ಸಿ ಚಿಕ್ಕದಿದ್ದರೆ ಒಳ್ಳೆಯದು, ಇಮೇಜ್ ಬೇಗ ಮುಗಿಯುತ್ತದೆ. ಮ್ಯಾಕ್ ಇರುವವರು ಈ ತಲೆಬಿಸಿಯನ್ನೇ ಬಿಡಬಹುದು. 2017ರಿಂದ ಅಲ್ಲಿರುವ ಎಪಿಎಫ್‌ಎಸ್ ಪದ್ಧತಿಯಲ್ಲಿ ಬೇರೆ ಬೇರೆ ವಾಲ್ಯೂಮ್ (ಡ್ರೈವ್‌ನಂಥ ಭಾಗ) ಮಾಡಿದರೂ ಎಲ್ಲವೂ ಒಂದೇ ಖಾಲಿ ಜಾಗವನ್ನು ಹಂಚಿಕೊಳ್ಳುತ್ತವೆ.

ಕೆಲವು ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಒಂದು, ದೊಡ್ಡ ಹಾರ್ಡ್ ಡಿಸ್ಕ್ ಒಂದು ಇರುತ್ತದೆ. ಅಲ್ಲಿ ಸಿ, ಡಿ ಎಂದು ಕಂಡರೆ ಅದು ಪಾರ್ಟಿಷನ್ ಅಲ್ಲ, ನಿಜವಾಗಿಯೂ ಎರಡು ಡಿಸ್ಕ್. ಅಲ್ಲಿ ಫೋಟೋ, ವಿಡಿಯೋಗಳನ್ನು ಡಿಯಲ್ಲಿ ಇಡುವುದು ಸರಿ.

ಇಷ್ಟೆಲ್ಲ ಕೇಳಿದ ಮೇಲೂ ಡಿ ಬೇಕೇ ಬೇಕು ಅನ್ನಿಸಿದರೆ ಮಾಡಿಕೊಳ್ಳಿ, ಅದೇನೂ ಅಪರಾಧವಲ್ಲ. ಆದರೆ ಮೊದಲು ಬ್ಯಾಕಪ್ ತೆಗೆಯಿರಿ. ಡಿಸ್ಕಿನ ಮಾಹಿತಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಡಿ. ಈ ಕೀ ಇಲ್ಲದೆ ಸಿಕ್ಕಿಹಾಕಿಕೊಂಡರೆ ಯಾರೂ ಏನೂ ಮಾಡಲಾರರು. ಚಾರ್ಜರ್ ಹಾಕಿಯೇ ಇರಲಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಒತ್ತಿ. ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪ ಮಾತ್ರ ಕುಗ್ಗಿಸಬಹುದು ಎಂದು ಅದು ಹೇಳಬಹುದು. ಪೇಜ್ ಫೈಲ್, ಹೈಬರ್ನೇಷನ್ ಫೈಲ್‌ನಂಥ ವಿಂಡೋಸಿನದೇ ಕಡತಗಳು ನಡುವೆ ಎಲ್ಲೋ ಕೂತಿದ್ದರೆ ವಿಂಡೋಸ್ ಅವನ್ನು ಸರಿಸುವುದಿಲ್ಲ, ಅದಕ್ಕೇ ಹಾಗೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಎಂದು ಹೇಳಿದ್ದಾರೆ. ಅದು ಬರೀ ಕನಿಷ್ಠ. ನಿಮ್ಮ 1 ಟಿಬಿಯಲ್ಲಿ ಸಿಗೆ 300 ಜಿಬಿಗಿಂತ ಕಡಿಮೆ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಕೊನೆಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು 'ಲೊಕೇಷನ್' ಎಂಬಲ್ಲಿ ಅವನ್ನು ಡಿಗೆ ಸರಿಸಿ. ಈ ಹೆಜ್ಜೆ ಬಿಟ್ಟರೆ ಡಿ ಮಾಡಿದ್ದೇ ದಂಡ, ಕಡತಗಳು ಮತ್ತೆ ಸಿಗೇ ಹೋಗಿ ಸೇರುತ್ತವೆ.

ಈಗ ಫೋಟೋ ಉಳಿಸುವ ವಿಷಯ. ಅದಕ್ಕೆ ಬೇಕಾದದ್ದು ಇನ್ನೊಂದು ಡಿಸ್ಕ್. ಯುಎಸ್‌ಬಿಗೆ ಹಾಕುವ ಎಕ್ಸ್‌ಟರ್ನಲ್ ಡಿಸ್ಕ್ ಒಂದನ್ನು ತಗೊಂಡು ಕಡತಗಳನ್ನು ಅದಕ್ಕೆ ನಕಲು ಮಾಡಿ, ಆಮೇಲೆ ಕಿತ್ತು ಬೇರೆ ಕಡೆ ಇಡಿ. ಸದಾ ಸಿಕ್ಕಿಸಿಯೇ ಇಟ್ಟರೆ ರ್‍ಯಾನ್ಸಮ್‌ವೇರ್ ಬಂದಾಗ ಅದೂ ಹೋಗುತ್ತದೆ. ಅನುಭವಿಗಳು 3-2-1 ಎನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಹೊರಗಿನ ಪ್ರತಿಗೆ ಕ್ಲೌಡ್, ಅಂದರೆ ಇಂಟರ್ನೆಟ್‌ನಲ್ಲಿ ಕಡತ ಇಡುವ ಸೇವೆ, ಆಗಬಹುದು. ಆದರೆ ಒನ್‌ಡ್ರೈವ್‌ನಂಥವು ಮಾಡುವುದು ಸಿಂಕ್ ಎನ್ನುವುದು ನೆನಪಿರಲಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಅಲ್ಲಿನ ರೀಸೈಕಲ್ ಬಿನ್‌ನಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ಇಲ್ಲ. ಅದಕ್ಕೇ ಕೈಯಲ್ಲೊಂದು ಎಕ್ಸ್‌ಟರ್ನಲ್ ಡಿಸ್ಕ್ ಇರಲೇಬೇಕು ಅನ್ನುವುದು.

ಪಾರ್ಟಿಷನ್ ಮಾಡಿಸಲು ಇಟ್ಟುಕೊಂಡಿದ್ದ ಹೊತ್ತನ್ನು ಈ ಬ್ಯಾಕಪ್ಪಿಗೆ ಕೊಡಿ. ನಕಲು ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಹಳೆಯ ಫೋಟೋ ಒಂದು, ಹೊಸದು ಒಂದು, ಯಾವುದಾದರೂ ವಿಡಿಯೋ ಒಂದು ತೆರೆದು ನೋಡಿ. ಅವು ಸರಿಯಾಗಿ ತೆರೆದರೆ ಮಾತ್ರ ಬ್ಯಾಕಪ್ ಆಗಿದೆ ಎಂದು ಲೆಕ್ಕ.